ಅರ್ಧ ಮುದ್ದೆಯ ಆಯಸ್ಸು

ಮರದ ಗುಂಡುಗಳಿಂದ ಶುರು ಮಾಡುತ್ತೇನೆ. ಮಿಕ್ಕಿದ್ದರ ಬಗ್ಗೆ ನನಗೇ ಅನುಮಾನವಿದೆ. ಗುಂಡುಗಳು ಇದ್ದವು ಎಂಬುದರಲ್ಲಿ ಇಲ್ಲ. ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವವರೊಬ್ಬರಿಂದ ಮಾಡಿಸಿದವು, ಮೂರು ಅಳತೆಯವು. ಸಣ್ಣದು ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದು, ನಡುವಿನದು ಮೂಸಂಬಿಯಷ್ಟು, ದೊಡ್ಡದನ್ನು ಹಿಡಿಯಲು ಎರಡು ಕೈ ಬೇಕು. ಹಳ್ಳಿಯ ಜಗಲಿಯ ಮೇಲೆ ಇವನ್ನು ಸಾಲಾಗಿ ಇಟ್ಟು, ಎಂಬತ್ತು ದಾಟಿದವರನ್ನು ಎದುರಿಗೆ ಕೂರಿಸಿಕೊಂಡು, ‘ನಿನ್ನೆ ನೀವು ಉಂಡ ರಾಗಿಮುದ್ದೆ ಇವುಗಳಲ್ಲಿ ಯಾವುದರಷ್ಟಿತ್ತು?’ ಎಂದು ಕೇಳುವುದು ನನ್ನ ಕೆಲಸವಾಗಿತ್ತು.

ಎರಡು ಸಾವಿರದ ದಶಕದ ನಡುವಿನ ವರ್ಷಗಳು. ಬಿಡದಿಯ ಕಡೆ ಕಾರ್ಖಾನೆಗಳ ಕಾಂಪೌಂಡುಗಳು ಏಳುತ್ತಿದ್ದವು, ಗಾರ್ಮೆಂಟ್ಸ್ ಬಸ್ಸುಗಳು ಬೆಳಗಾಗುತ್ತಲೇ ಮಾಗಡಿ ಸುತ್ತಿನ ಹಳ್ಳಿಗಳಿಗೂ ಬಂದು ಹೆಂಗಸರನ್ನು ತುಂಬಿಕೊಂಡು ಹೋಗುತ್ತಿದ್ದವು. ನಮ್ಮದು ಬೆಂಗಳೂರಿನ ಒಂದು ಸಂಸ್ಥೆಯ ಸಂಶೋಧನೆ. ರಾಮನಗರದಲ್ಲಿ ಬಾಡಿಗೆಗೆ ಒಂದು ಕೋಣೆ, ಒಂದು ಹಳೆಯ ಜೀಪು, ಕನಕಪುರದ ಕಡೆಯ ಒಬ್ಬ ಡ್ರೈವರ್, ನಾನು. ತಿಂಗಳಿಗೊಮ್ಮೆ ಬಂದು ಹೋಗುವ ಮುಖ್ಯಸ್ಥರು. ಆಹಾರ ಕಡಿಮೆ ಮಾಡಿದರೆ ಇಲಿಗಳು ಹೆಚ್ಚು ಕಾಲ ಬದುಕುತ್ತವೆ ಎಂಬುದು ಪ್ರಯೋಗಾಲಯಗಳಲ್ಲಿ ಹಳೆಯ ಮಾತು. ಮನುಷ್ಯರ ವಿಷಯದಲ್ಲಿ ಹಾಗೆ ಖಚಿತವಾಗಿ ಹೇಳಲು ಯಾರ ಹತ್ತಿರವೂ ಏನೂ ಇರಲಿಲ್ಲ. ಮುಖ್ಯಸ್ಥರಿಗೆ ಅದು ಬೇಕಿತ್ತು. ಮಿತವಾಗಿ ಉಂಡು ವಯಸ್ಸಾದವರು ಈ ಹಳ್ಳಿಗಳಲ್ಲಿ ಸಿಗುತ್ತಾರೆ ಎಂದು ಅವರು ನಂಬಿದ್ದರು. ಹುಡುಕುವವರು ಮೊದಲೇ ನಂಬಿದ್ದರೆ ಏನಾಗುತ್ತದೆ ಎಂದು ಆಗ ನಾನು ಯೋಚಿಸಿರಲಿಲ್ಲ, ಅಥವಾ ಯೋಚಿಸಿದ್ದೆ ಎಂದು ಈಗ ಅಂದುಕೊಳ್ಳುವುದು ನನಗೆ ಅನುಕೂಲ.

ಸಾವನದುರ್ಗದ ಕಡೆಯ ಒಂದು ಹಳ್ಳಿಯಲ್ಲಿ ಒಬ್ಬ ಅಜ್ಜಿ ಇದ್ದರು. ನಮ್ಮ ಪಟ್ಟಿಯಲ್ಲಿ ಎಲ್ಲರಿಗಿಂತ ಹಿರಿಯರು, ಎಲ್ಲರಿಗಿಂತ ಕಡಿಮೆ ಉಣ್ಣುವವರು. ಆ ಕಡಿಮೆ ಊಟ ಅವರನ್ನು ಬದುಕಿಸುತ್ತಿದೆಯೋ ಸಾಯಿಸುತ್ತಿದೆಯೋ ಎಂಬುದೊಂದೇ ಇಲ್ಲಿ ಬರೆಯಬೇಕೆಂದಿರುವುದು. ಆದರೆ ಅಲ್ಲಿಗೆ ಮುಟ್ಟುವ ಮೊದಲು ನಾನು ಎಲ್ಲರನ್ನೂ ಅನುಮಾನಿಸಲು ಕಲಿತೆ. ಅದನ್ನು ಬಿಟ್ಟು ಹೇಳಿದರೆ ಕಥೆ ನೆಟ್ಟಗಾಗುತ್ತದೆ, ಸುಳ್ಳಾಗುತ್ತದೆ.

ನೆನಪು ಕೇಳುವುದಕ್ಕೆ ನಮಗೊಂದು ಕ್ರಮ ಹೇಳಿಕೊಟ್ಟಿದ್ದರು. ಮೊದಲ ಸುತ್ತಿನಲ್ಲಿ ನಿನ್ನೆ ಎದ್ದಾಗಿನಿಂದ ಮಲಗುವವರೆಗೆ ತಿಂದದ್ದನ್ನೆಲ್ಲ ಅವರೇ ಹೇಳಬೇಕು, ನಾವು ನಡುವೆ ಬಾಯಿ ಹಾಕಬಾರದು. ಎರಡನೆಯ ಸುತ್ತಿನಲ್ಲಿ ಒಂದೊಂದಕ್ಕೂ ಅಳತೆ ಕೇಳಬೇಕು. ಮೂರನೆಯದು, ‘ಇನ್ನೇನಾದರೂ ಮರೆತಿದ್ದೀರಾ?’ ಈ ಮೂರನೆಯ ಸುತ್ತಿನಲ್ಲಿ ಜನ ನೆನಪಿಸಿಕೊಳ್ಳುವುದಿಲ್ಲ. ನಮ್ಮ ಮುಖ ನೋಡಿ, ಬರಿಗೈಲಿ ಕಳಿಸಬಾರದೆಂದು, ಏನೋ ಒಂದನ್ನು ಕೊಡುತ್ತಾರೆ. ಒಬ್ಬರು ಕೊಟ್ಟ ಬಾಳೆಹಣ್ಣು ಪಕ್ಕದ ಮನೆಯವರ ನೆನಪಿನಲ್ಲೂ ಬರುತ್ತಿತ್ತು.

ಮೊದಲ ಎಡವಟ್ಟು ಬಣ್ಣದ್ದು. ಬೊಂಬೆಯವರು ತಮ್ಮ ಅಭ್ಯಾಸದಂತೆ ಗುಂಡುಗಳಿಗೆ ಅರಗಿನ ಬಣ್ಣ ಹಚ್ಚಿಕೊಟ್ಟಿದ್ದರು: ಸಣ್ಣದು ಹಳದಿ, ನಡುವಿನದು ಹಸಿರು, ದೊಡ್ಡದು ಕಪ್ಪು. ಒಂದಿಡೀ ಹಳ್ಳಿಯಲ್ಲಿ ಹೆಂಗಸೊಬ್ಬಳೂ ದೊಡ್ಡ ಗುಂಡನ್ನು ಮುಟ್ಟಲಿಲ್ಲ. ತಟ್ಟೆಯ ಮುಂದೆ ಕಪ್ಪನ್ನು ಯಾರು ಮುಟ್ಟಿಯಾರು? ಎಲ್ಲರ ಬೆರಳೂ ಅರಿಸಿನದ ಬಣ್ಣದ ಸಣ್ಣದಕ್ಕೆ ಹೋಯಿತು. ಆ ಹಳ್ಳಿಯ ಕೆಲಸವನ್ನೆಲ್ಲ ಎತ್ತಿಟ್ಟು, ಬಣ್ಣ ಹೆರೆಸಿ, ಬರಿಮರದ ಗುಂಡುಗಳನ್ನು ಹಿಡಿದುಕೊಂಡು ಮತ್ತೆ ಹೋದೆ.

ಬಣ್ಣ ಹೋಯಿತು, ಉತ್ತರ ಬದಲಾಗಲಿಲ್ಲ. ‘ಅರ್ಧ’ ಎನ್ನುತ್ತಿದ್ದರು. ಆಗ ತಾನೇ ಹೊಲದಿಂದ ಬಂದು ಜಗಲಿಯ ಮೇಲೆ ಗುದ್ದಲಿ ಇಟ್ಟ ಯಜಮಾನರೂ ಅರ್ಧ, ಎದ್ದು ಕೂರಲು ಕಷ್ಟಪಡುವವರೂ ಅರ್ಧ. ನಾನು ಚನ್ನಪಟ್ಟಣದ ಹತ್ತಿರದವಳೇ. ಹೊರಗಿನವರ ಮುಂದೆ ಊಟ ಎಣಿಸಿ ಹೇಳಿದರೆ ದೃಷ್ಟಿಯಾಗುತ್ತದೆ ಎಂದು ನಮ್ಮ ಮನೆಯಲ್ಲೂ ಹೇಳುತ್ತಿದ್ದರು. ಅದಕ್ಕಾಗಿ ಅವರು ಹೇಳಿದ್ದಕ್ಕೆ ಇಷ್ಟು ಕೂಡಿಕೊಳ್ಳಬೇಕು ಎಂದು ಅಂದಾಜಿಟ್ಟುಕೊಂಡಿದ್ದೆ. ಆದರೆ ಕೋಣೆಗೆ ಬಂದು ಕ್ಯಾಲೊರಿ ಕೂಡಿದಾಗ, ಆ ಊರಿನ ಮುದುಕರು ಎದ್ದು ನಿಲ್ಲುವುದಕ್ಕೂ ಸಾಲದಷ್ಟು ಉಣ್ಣುತ್ತಿದ್ದರು. ಅವರು ಎದ್ದು ನಿಂತದ್ದನ್ನು, ಕುರಿ ಹೊಡೆದುಕೊಂಡು ಹೋದದ್ದನ್ನು, ನಾನೇ ನೋಡಿದ್ದೆ.

ವಯಸ್ಸಿನದು ಇನ್ನೊಂದು ಗೋಜಲು. ಹುಟ್ಟಿದ ದಿನ ಯಾರಿಗೂ ಗೊತ್ತಿಲ್ಲದ್ದರಿಂದ ಪ್ಲೇಗಿನಲ್ಲಿ ಊರು ಬಿಟ್ಟು ಗುಡಿಸಲು ಹಾಕಿದ್ದು, ಗಾಂಧೀಜಿ ತೀರಿಕೊಂಡ ಸುದ್ದಿ ಬಂದಾಗ ಮಕ್ಕಳೆಷ್ಟಿದ್ದರು ಎಂಬುದು, ಇಂಥವನ್ನು ಕೇಳಿ ಲೆಕ್ಕ ಕಟ್ಟುತ್ತಿದ್ದೆ. ಒಂದು ಮನೆಯಲ್ಲಿ ಅಣ್ಣನಿಗಿಂತ ತಮ್ಮನ ವಯಸ್ಸು ಹೆಚ್ಚಾಗಿ ಬಂತು. ಹೇಗೆ ಎಂದು ಅಣ್ಣನನ್ನೇ ಕೇಳಿದೆ.

“ಪಿಂಚಣಿಗೆ ಬರೆಸ್ದಾಗ ಅವ್ನು ಮುಂದ್ ನಿಂತಿದ್ದ ಕಣವ್ವ, ನಾನು ಹಿಂದೆ. ಮುಂದಿರೋರಿಗೆ ಒಸಿ ಜಾಸ್ತಿ ಹಾಕುದ್ರು.”

“ನಿಜವಾದ ವಯಸ್ಸು ಎಷ್ಟು?”

“ಬರೆಸಿದ್ಮ್ಯಾಕೆ ಅದೇ ನಿಜ ತಾನೆ? ಈಗ ಇಳಿಸಕ್ಕಾಯ್ತದಾ?”

ಇಷ್ಟಾದ ಮೇಲೆ ಒಂದು ಕೆಲಸ ಮಾಡಿದೆ. ಕೆಲವು ಮನೆಗಳಲ್ಲಿ ಬಾಯಿಮಾತು ಬಿಟ್ಟು, ಮುದ್ದೆ ಮಾಡುವ ಮೊದಲೇ ಪಾತ್ರೆಗೆ ಬೀಳುವ ರಾಗಿಹಿಟ್ಟನ್ನು ತೂಗಿದೆ. ಆಮೇಲೆ ಮನೆಯವರೆಲ್ಲ ತಿಂದೆವೆಂದು ಹೇಳಿದ್ದನ್ನು ಕೂಡಿದೆ. ಎಲ್ಲ ಮನೆಯಲ್ಲೂ ಹಿಟ್ಟು ಹೆಚ್ಚು, ಊಟ ಕಡಿಮೆ. ನಡುವೆ ಎಷ್ಟೋ ಮುದ್ದೆ ಯಾರ ಹೊಟ್ಟೆಗೂ ಹೋಗದೆ ಮಾಯವಾಗಿತ್ತು. ದೃಷ್ಟಿಯ ಭಯ ಇಷ್ಟನ್ನು ನುಂಗಲಾರದು. ಜೀಪಿನಲ್ಲಿ ಇದನ್ನು ಬಾಯಿಬಿಟ್ಟು ಹೇಳಿದಾಗ ಡ್ರೈವರ್ ಗೇರು ಬದಲಿಸುವುದರಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡ.

“ನೀನೇನಾದರೂ ಹೇಳಿದ್ದೀಯಾ ಇವರಿಗೆ?”

“ಖಡಾಖಂಡಿತವಾಗಿ ಏನೂ ಹೇಳಿಲ್ಲ ಮೇಡಂ. ಬಿಪಿಎಲ್ ಕಾರ್ಡ್ ವಿಚಾರ ಇದ್ರೂ ಇರಬೌದು ಅಂದೆ.”

“ಯಾವಾಗ?”

“ಎಲ್ಲಾ ಊರಲ್ಲೂವೆ. ಅಂಗಂದಿದ್ಕೇ ಬಾಗ್ಲು ತೆಗುದ್ರು. ಇಲ್ದಿದ್ರೆ ನಿಮ್ ಬೊಂಬೆ ನೋಡಿ ನಾಯಿ ಬುಡೋರು.”

ಅಂದರೆ, ರೇಷನ್ ಕಾರ್ಡು ಸಿಗಲೆಂದು ಊಟ ಇಳಿಸಿದ್ದರು. ಪಿಂಚಣಿ ಸಿಗಲೆಂದು ವಯಸ್ಸು ಏರಿಸಿದ್ದರು. ಎರಡನ್ನೂ ಒಂದೇ ಹಾಳೆಯ ಮೇಲೆ ಬರೆದುಕೊಂಡರೆ ಕಡಿಮೆ ಉಣ್ಣುವವರು ಹೆಚ್ಚು ಬದುಕುತ್ತಾರೆ ಎಂದು ತಾನಾಗಿಯೇ ಬರುತ್ತಿತ್ತು. ತಾಲ್ಲೂಕು ಕಚೇರಿಯಲ್ಲಿ ಬೇಕಾದ್ದನ್ನು ಹೊಂದಿಸಿಕೊಳ್ಳಬಲ್ಲ ಜನರ ಜಾಣತನವನ್ನು ನಾವು ದೀರ್ಘಾಯಸ್ಸಿನ ಗುಟ್ಟು ಎಂದು ಅಳೆಯುತ್ತಿದ್ದೆವು.

ಮುಖ್ಯಸ್ಥರು ಬಂದಾಗ ಹೇಳಿದೆ. ಅವರು ಕೋಪಿಸಿಕೊಳ್ಳಲಿಲ್ಲ, ಕೋಪಿಸಿಕೊಂಡಿದ್ದರೆ ಚೆನ್ನಾಗಿತ್ತು. ಪೆನ್ನಿನ ಮುಚ್ಚಳ ತೆಗೆದು, “ಹಾಗಾದರೆ ಎಲ್ಲರ ಊಟಕ್ಕೂ ಒಂದು ತಿದ್ದುಪಡಿ ಸೇರಿಸೋಣ. ಸುಳ್ಳು ಎಲ್ಲರದೂ ಒಂದೇ ಸಮ ಇದ್ದರೆ ತೊಂದರೆ ಇಲ್ಲ” ಎಂದರು.

“ಒಂದೇ ಸಮ ಇಲ್ಲದಿದ್ದರೆ?”

“ಆ ಅಜ್ಜಿ ಇದ್ದಾರಲ್ಲ. ಅವರಿಗೆ ಕಾರ್ಡೂ ಇದೆ, ಪಿಂಚಣಿಯೂ ಇದೆ. ಅವರು ಯಾಕೆ ಸುಳ್ಳು ಹೇಳುತ್ತಾರೆ?”

ಆದರೂ ಅಜ್ಜಿಯ ಮಾತನ್ನು ನಾನು ನಂಬಲಿಲ್ಲ. ಅಷ್ಟು ಹೊತ್ತಿಗೆ ನಾನು ಯಾರನ್ನೂ ನಂಬುವ ಸ್ಥಿತಿಯಲ್ಲಿ ಇರಲಿಲ್ಲ.

ಅಜ್ಜಿಯನ್ನು ಮೊದಲು ಕಂಡಾಗ ಅವರು ಗುಂಡುಗಳನ್ನು ಒಂದೊಂದಾಗಿ ಎತ್ತಿ, ಮೂಸಿ, ಕೆಳಗಿಟ್ಟಿದ್ದರು. “ಬೊಂಬೆ ಮಾರಕ್ ಬಂದಿದ್ದೀಯಾ ಮಗ? ನಮ್ಮನೇಲಿ ಆಡೋ ಮಕ್ಳಿಲ್ಲ.” ಮನೆಯಲ್ಲಿ ಸೊಸೆ, ಮೊಮ್ಮಗ, ಅಷ್ಟೆ. ಮಗ ತೀರಿಕೊಂಡಿದ್ದ. ಮೊಮ್ಮಗನಿಗೆ ಬಿಡದಿಯಲ್ಲಿ ಶಿಫ್ಟು. ಸೊಸೆ ಗಾರ್ಮೆಂಟ್ಸ್ ಬಸ್ಸಿಗೆ ಹೊತ್ತು ಮೂಡುವ ಮುಂಚೆಯೇ ಹೊರಡುವವಳು. ಮುದ್ದೆ ಕಟ್ಟಿ, ಸಾರಿನ ಜೊತೆ ಬಿಸಿಡಬ್ಬಿಯಲ್ಲಿಟ್ಟು ಹೋಗುತ್ತಿದ್ದಳು. ಮುಖ್ಯಸ್ಥರು ಆ ಮನೆಗೆ ಒಮ್ಮೆ ಖುದ್ದಾಗಿ ಬಂದು, ಜಗಲಿಯ ಮೇಲೆ ಕೂತು, ಎಲ್ಲರ ಮುಂದೆ ಹೇಳಿದ್ದರು: “ಅಜ್ಜಿಗೆ ಊಟಕ್ಕೆ ಒತ್ತಾಯ ಮಾಡಬೇಡಿ. ಮಿತವಾಗಿ ಉಂಡೇ ಇಷ್ಟು ವರ್ಷ ಬದುಕಿದ್ದಾರೆ.”

ಪ್ರತಿ ಸಲವೂ ಉತ್ತರ ಒಂದೇ. “ಅರ್ಧ ಉಂಡೆ ಕಣ್ ಮಗ. ಅದೂ ಸೇರ್ನಿಲ್ಲ.” ಎಲ್ಲರ ಅರ್ಧವನ್ನೂ ಕೇಳಿದ್ದ ನಾನು ಇವರದನ್ನೂ ಅದರ ಜೊತೆಗೇ ಸೇರಿಸಿ, ತಿದ್ದುಪಡಿ ಹಾಕಿ, ಇವರು ಸಾಕಷ್ಟು ಉಣ್ಣುತ್ತಾರೆ ಎಂದು ಬರೆದುಕೊಂಡೆ.

ಆಮೇಲೆ ಅಜ್ಜಿಯ ತೂಕ ಇಳಿಯಿತು.

ಎಲ್ಲ ಮನೆಗಳಿಗೂ ಮತ್ತೆ ಹೋಗಿ ತೂಕ ನೋಡುವ ಒಂದು ಸುತ್ತಿನಲ್ಲಿ ಇಳಿದಾಗ ಎಲೆಅಡಿಕೆ ಚೀಲವನ್ನು ಅನುಮಾನಿಸಿದೆ: ಕಳೆದ ಸಲ ಸೊಂಟದಲ್ಲಿ ಸಿಕ್ಕಿಸಿಕೊಂಡೇ ತೂಕದ ತಕ್ಕಡಿಯ ಮೇಲೆ ನಿಂತಿದ್ದರೇನೋ. ಮುಂದಿನ ಸುತ್ತಿನಲ್ಲಿ ಮತ್ತೆ ಇಳಿದಾಗ ತಕ್ಕಡಿಯನ್ನೇ ಅನುಮಾನಿಸಿದೆ. ಮಾಗಡಿಯ ಹಿಟ್ಟಿನ ಗಿರಣಿಗೆ ಒಯ್ದು ಕಬ್ಬಿಣದ ತೂಕದ ಬೊಟ್ಟುಗಳನ್ನಿಟ್ಟು ನೋಡಿದೆ. ಗಿರಣಿಯವನು “ನಮ್ ಬೊಟ್ಟು ಸರಿ ಇಲ್ಲಾ ಅಂತ ಇನ್‌ಸ್ಪೆಕ್ಟ್ರು ಬಂದ್ರಾ” ಎಂದು ಡ್ರೈವರನನ್ನು ಪಕ್ಕಕ್ಕೆ ಕರೆದು ವಿಚಾರಿಸಿದ. ತಕ್ಕಡಿ ಸರಿಯಾಗಿತ್ತು. ಆಗ ಸೊಸೆಯನ್ನು ಅನುಮಾನಿಸಿದೆ. ಊರಿನವರು ಅದನ್ನು ನನಗಿಂತ ಮುಂಚೆಯೇ ಮಾಡಿ ಮುಗಿಸಿದ್ದರು. ಪಕ್ಕದ ಮನೆಯಾಕೆ ಬೇಲಿಯ ಆಚೆಯಿಂದಲೇ, “ಡಬ್ಬೀಲಿ ಏನಿಕ್ತಾಳೋ, ದೇವ್ರಿಗೇ ಗೊತ್ತು” ಎಂದಿದ್ದಳು.

ಹಾಗಾಗಿ ಒಂದು ಭಾನುವಾರ, ಸೊಸೆ ಮನೆಯಲ್ಲಿರುವ ದಿನ, ಹೇಳದೆ ಹೋದೆ. ಆ ದಿನ ಮೋಡವಿತ್ತು ಎಂದು ಬರೆದು ಹೊಡೆದುಹಾಕಿದ್ದೇನೆ. ಮೋಡ ನನ್ನ ಮನಸ್ಸಿಗೆ ಹೊಂದುತ್ತದೆಯೆಂದು ಬಂದದ್ದು. ಅಡುಗೆಮನೆಯಲ್ಲಿ ಅವರೆಕಾಳಿನ ಸಾರು ಕುದಿಯುತ್ತಿತ್ತು, ಅದು ಮಾತ್ರ ಖಂಡಿತ. ಸೊಸೆ ನನ್ನನ್ನು ನೋಡಿದ ಕೂಡಲೇ ಮುದ್ದೆ ತಿರುವುವ ಕೋಲನ್ನು ಪಾತ್ರೆಯಲ್ಲೇ ಬಿಟ್ಟು ಹೊರಗೆ ಬಂದಳು.

“ನೀವೂ ಕೇಳ್ಕೊಂಡ್ ಬಂದ್ರಾ ಮೇಡಮ್ಮೋರೆ? ಅತ್ತೆಗೆ ಹಿಟ್ಟಿಕ್ದೆ ಬಸ್ ಹತ್ತಾಳೆ ಅಂತಾವ?”

“ಹಾಗಲ್ಲಮ್ಮ. ತೂಕ ಇಳಿದಿದೆ.”

“ನಂಗೇನ್ ತಕ್ಕಡಿ ಬೇಕಾ? ಸೀರೆ ಉಡಿಸೋಳು ನಾನು. ನೆರಿಗೆ ಎಲ್ಡು ಜಾಸ್ತಿ ಬತ್ತಾವೆ.” ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡಳು. “ಒತ್ತಾಯ ಮಾಡ್ಬ್ಯಾಡಿ ಅಂತ ನಿಮ್ ದೊಡ್ಡ ಡಾಕ್ಟ್ರೇ ಹೇಳೋದ್ರು. ಮುಂಚೆ ಬೈದಾದ್ರೂ ಉಣ್ಣುಸ್ತಿದ್ದೆ. ಈಗ ಬಾಯ್ ತೆಗುದ್ರೆ, ನನ್ ಆಯಸ್ಸು ಕಮ್ಮಿ ಮಾಡಕ್ ನೋಡ್ತೀಯೇನೇ ಅಂತ ಅವ್ರೇ ನನ್ ಬಾಯ್ ಮುಚ್ಚುಸ್ತಾರೆ.”

ಒಳಗಿನಿಂದ ಅಜ್ಜಿಯ ದನಿ ಬಂತು: “ಮುಚ್ಚುಸುದ್ರೆ ಎಲ್ ಮುಚ್ತೀಯೇ ನೀನು?”

ಕೂತು ನೋಡಿದೆ. ಕೇಳುವುದನ್ನು ಬಿಟ್ಟು ಬರೀ ನೋಡುವುದು ನಮ್ಮ ಕ್ರಮದಲ್ಲಿ ಇರಲಿಲ್ಲ. ಸೊಸೆ ತಟ್ಟೆಗೆ ಇಡೀ ಮುದ್ದೆ ಇಟ್ಟಳು, ಒಳ್ಳೆಯ ಗಾತ್ರದ್ದು. ಅಜ್ಜಿ ಚಿಟಿಕೆಯಷ್ಟು ಮುರಿದು, ಸಾರಿನಲ್ಲಿ ಹೊರಳಿಸಿ, ಬಾಯಿಗಿಟ್ಟುಕೊಂಡು, ತಲೆಯನ್ನು ಬಲಕ್ಕೆ ವಾಲಿಸಿದರು. ಕಣ್ಣು ಮುಚ್ಚಿ ನುಂಗಿದರು. ಇನ್ನೊಂದು ಚಿಟಿಕೆ; ಮತ್ತೆ ತಲೆ ಬಲಕ್ಕೆ. ಹಕ್ಕಿ ನೀರು ಕುಡಿಯುವ ಹಾಗೆ. ಅರ್ಧಕ್ಕೆ ಬರುವ ಮೊದಲೇ ತಟ್ಟೆ ತಳ್ಳಿದರು. ಅವರು ಹೇಳುತ್ತಿದ್ದ ಅರ್ಧ ಹೆಚ್ಚೇ ಆಗಿತ್ತು. ನಮ್ಮ ಇಡೀ ಸಂಶೋಧನೆಯಲ್ಲಿ ಉಂಡದ್ದಕ್ಕಿಂತ ಜಾಸ್ತಿ ಹೇಳಿದವರು ಅವರೊಬ್ಬರೇ ಇರಬೇಕು. ಸೊಸೆಯ ಮೇಲೆ ಮಾತು ಬರಬಾರದೆಂದೋ, ನಾನು ಕೇಳುತ್ತೇನಲ್ಲ ಎಂಬ ದಾಕ್ಷಿಣ್ಯಕ್ಕೋ, ನನಗೆ ಗೊತ್ತಿಲ್ಲ.

“ಬಾಯಿ ನೋವಾ ಅಜ್ಜಿ?”

“ಬಾಯಾಗೇನೈತೆ ನೋಯಕ್ಕೆ? ನಿನ್ ಡ್ರೈವರ್ ಹುಟ್ಟಕ್ ಮುಂಚೆನೇ ಹಲ್ಲೆಲ್ಲ ಹೋದ್ವು.”

“ಒಂದು ಸಲ ತೋರಿಸಿ.”

“ಸುಮ್ನಿರು ಮಗ. ಸೊಸೆ ಮುಂದೆ ಬಾಯ್ ಬುಟ್ಕೊಂಡು ಕೂತ್ಕೊಳಾ?”

ಬಾಗಿಲ ಹತ್ತಿರ ನಿಂತಿದ್ದ ಡ್ರೈವರ್ ನಕ್ಕ. “ಮುದ್ದೆಗೆ ಹಲ್ಲು ಯಾಕ್ ಮೇಡಂ?”

ಅವನು ಹೇಳಿದ್ದು ನಾವೆಲ್ಲರೂ ಅಂದುಕೊಂಡದ್ದನ್ನೇ. ಮುದ್ದೆಯನ್ನು ಅಗಿಯುವುದಿಲ್ಲ, ನುಂಗುವುದು. ಅಗಿಯುವವರನ್ನು ನೋಡಿ ನಗುವ ಸೀಮೆ ಇದು. ಹಲ್ಲಿಲ್ಲದ ಮುದುಕಿ ಊಟ ಬಿಟ್ಟರೆ ಅನ್ನ ತಿನ್ನುವ ಊರಿನಲ್ಲಿ ಯಾರಾದರೂ ಬಾಯಿ ನೋಡುತ್ತಿದ್ದರೇನೋ. ಇಲ್ಲಿ ವಯಸ್ಸನ್ನು ನೋಡಿದರು, ಸೊಸೆಯನ್ನು ನೋಡಿದರು, ದೇವರನ್ನು ನೋಡಿದರು. ನಮ್ಮ ಹಾಳೆಯಲ್ಲಿ ರಕ್ತದೊತ್ತಡಕ್ಕೆ ಜಾಗವಿತ್ತು, ತೋಳಿನ ಸುತ್ತಳತೆಗಿತ್ತು, ಬಾಯಿಗೆ ಇರಲಿಲ್ಲ.

ಸೊಸೆ ತಾನಾಗಿಯೇ ಹಿತ್ತಿಲಿಗೆ ಹೋದಳು. ಡ್ರೈವರನನ್ನೂ ಕಳಿಸಿದೆ. ಟಾರ್ಚು ಬಿಟ್ಟೆ. ಎಡಗಡೆ ಕೆಳವಸಡಿನಲ್ಲಿ ಒಂದೇ ಒಂದು ಹಲ್ಲಿನ ಮೋಟು ಉಳಿದಿತ್ತು, ಒಡೆದ ಗಾಜಿನಂತೆ ಚೂಪಾಗಿ. ಅದಕ್ಕೆ ತಾಗುವ ಕಡೆ ನಾಲಿಗೆಯ ಮಗ್ಗುಲಿನಲ್ಲಿ ಹುಣ್ಣು, ಅಂಚು ಬೆಳ್ಳಗೆ, ನಡುವೆ ಗುಳಿ. ಪ್ರತಿ ತುತ್ತಿಗೂ ನಾಲಿಗೆ ಅದರ ಮೇಲೆ ಉಜ್ಜಿಕೊಂಡೇ ಹೋಗಬೇಕು.

ಆಗ ಮೊಬೈಲಿಗೆ ಸಿಗ್ನಲ್ ಬೇಕೆಂದರೆ ಬಂಡೆಯ ಮೇಲೆ ಹತ್ತಬೇಕಿತ್ತು. ಹತ್ತಿ ಮುಖ್ಯಸ್ಥರಿಗೆ ಹೇಳಿದೆ. ನಿಯಮದ ಪ್ರಕಾರ ನಾವು ಬರೀ ನೋಡುವವರು. ನೋಡುತ್ತಿರುವವರ ಊಟಕ್ಕಾಗಲಿ ಔಷಧಿಗಾಗಲಿ ಕೈ ಹಾಕಿದರೆ ಅವರನ್ನು ಸಂಶೋಧನೆಯಿಂದ ಕೈಬಿಡಬೇಕು.

“ಕಡೆಯ ಸುತ್ತು ಹತ್ತಿರದಲ್ಲೇ ಇದೆಯಲ್ಲ” ಎಂದರು. “ಅದೊಂದು ಆಗಿಬಿಡಲಿ. ಆಮೇಲೆ ನಾನೇ ವ್ಯವಸ್ಥೆ ಮಾಡುತ್ತೇನೆ.”

ಅವರು ಕೆಟ್ಟವರಲ್ಲ. ಕಡೆಯ ಸುತ್ತು ಎಂದರೆ ಇನ್ನೂ ಕೆಲವು ವಾರ, ಅಷ್ಟರಲ್ಲಿ ಏನಾದೀತು ಎಂದು ಅವರು ನಿಜವಾಗಿಯೂ ಅಂದುಕೊಂಡಿರಬಹುದು. ಬಂಡೆಯ ಮೇಲೆ ನಾನು ಎಷ್ಟು ಹೊತ್ತು ನಿಂತಿದ್ದೆ ಎಂದು ನೆನಪಿಲ್ಲ. ಧೈರ್ಯವಾಗಿ ತಕ್ಷಣ ಇಳಿದು ಬಂದೆ ಎಂದು ಬಹಳ ಜನಕ್ಕೆ ಹೇಳಿದ್ದೇನೆ. ಡ್ರೈವರ್ ಹೇಳುವ ಪ್ರಕಾರ ಅವನು ಅಷ್ಟರಲ್ಲಿ ಒಂದು ನಿದ್ದೆ ತೆಗೆದಿದ್ದ.

ಇಳಿದು ಬಂದು, “ಮಾಗಡಿಗೆ ಹೋಗೋಣ” ಎಂದೆ.

“ಜೀಪಲ್ಲಾ? ದೊಡ್ಡ ಸಾಹೇಬ್ರು ಕೇಳುದ್ರೆ?”

“ಕಾರ್ಡ್ ವಿಚಾರ ಇದ್ರೂ ಇರಬೌದು ಅಂತ ಹೇಳು.”

ಅವನು ಕೀ ತೆಗೆದುಕೊಂಡ.

ಅಂಗಡಿಯೊಂದರ ಮಹಡಿಯ ಮೇಲೆ ಹಲ್ಲಿನ ಡಾಕ್ಟರ್ ಇದ್ದರು, ಆಗಷ್ಟೇ ಓದು ಮುಗಿಸಿ ಬಂದ ಹುಡುಗಿ, ಭಾನುವಾರವೂ ತೆರೆದಿರುತ್ತಿದ್ದರು. ಅಜ್ಜಿಯನ್ನು ಸೊಸೆ ಮತ್ತು ಡ್ರೈವರ್ ಕೈಜೋಡಿಸಿ ಕೂರಿಸಿಕೊಂಡು ಮೆಟ್ಟಿಲು ಹತ್ತಿಸಿದರು. ಡಾಕ್ಟರ್ ಬಾಯಿ ನೋಡಿ, ರಕ್ತದೊತ್ತಡ ನೋಡಿ, ನನ್ನನ್ನು ಪಕ್ಕಕ್ಕೆ ಕರೆದರು. ಸೊಸೆಯೂ ಬಂದು ನಿಂತಳು.

“ಮೋಟು ಕೀಳ್ತೀನಿ. ಹುಣ್ಣು ಅದರಿಂದಲೇ ಆಗಿದ್ದರೆ ಎರಡು ವಾರದಲ್ಲಿ ಮಾಯಬೇಕು. ಆದರೆ ಇವರು ಹೊಗೆಸೊಪ್ಪು ಹಾಕುವವರು. ಮಾಯದಿದ್ದರೆ ಬೆಂಗಳೂರಿಗೆ ಕರಕೊಂಡು ಹೋಗಬೇಕಾಗುತ್ತದೆ. ಅದು ಬೇರೆ ಥರದ ಹುಣ್ಣು.”

ಬೇರೆ ಥರದ್ದು ಎಂದರೆ ಯಾವುದು ಎಂದು ಸೊಸೆ ಕೇಳಲಿಲ್ಲ. “ಹೊಗೆಸೊಪ್ಪು ನಾನ್ ಬುಡುಸ್ತೀನಿ” ಎಂದಳು.

ಕುರ್ಚಿಯಿಂದ ಅಜ್ಜಿ, ಬಾಯಲ್ಲಿ ಹತ್ತಿ ಇದ್ದರೂ, “ಸಾಯಕ್ ಮುಂಚೆನೇ ಎಲ್ಲಾ ಬುಡುಸ್ಬುಡಿ” ಎಂದರು.

ಆ ಎರಡು ವಾರ ನಾನು ಉಯ್ಯಂಬಳ್ಳಿಯ ಕಡೆ ಉಳಿದ ಮನೆಗಳನ್ನು ಮುಗಿಸುತ್ತಿದ್ದೆ. ಅರ್ಧ ಎಂದವರಿಗೆಲ್ಲ ಬಾಯಿ ತೆಗೆಯಿರಿ ಎನ್ನುತ್ತಿದ್ದೆ. ಒಬ್ಬ ತಾತ “ಎತ್ತು ಕೊಳ್ಳೋಕ್ ಬಂದಂಗೈತೆ” ಎಂದ. ಬೇರೆ ಯಾರ ಬಾಯಲ್ಲೂ ಏನೂ ಸಿಗಲಿಲ್ಲ. ಅಜ್ಜಿಯ ತೂಕ ಇಳಿದದ್ದಕ್ಕೆ ಆ ಮೋಟೇ ಕಾರಣ ಎಂದು ನನಗಿದ್ದ ಖಾತ್ರಿಯೂ ದಿನದಿನಕ್ಕೆ ಸಡಿಲವಾಯಿತು. ಕಾರಣ ಸಿಕ್ಕಿತು ಎನ್ನುವ ಸಮಾಧಾನ ಮುಖ್ಯಸ್ಥರಿಗೂ ಇತ್ತಲ್ಲ, ನನ್ನದು ಬೇರೆ ಹೇಗೆ? ಒಳಗೆ ಇನ್ನೇನೋ ಇದ್ದು, ವಯಸ್ಸಾದವರಿಗೆ ಹಲ್ಲು ಕೀಳಿಸಿ ಹಿಂಸೆ ಮಾಡಿದಂತಾದರೆ? ವಯಸ್ಸಾದಂತೆ ಊಟ ಇಳಿಯುವುದನ್ನು ನೋಡಿ, ಊಟ ಇಳಿಸಿದ್ದರಿಂದ ವಯಸ್ಸಾಯಿತು ಎಂದವರು ಮುಖ್ಯಸ್ಥರು. ನಾನು ಇನ್ನೊಂದು ತುದಿಯಿಂದ ಅದೇ ಹಗ್ಗವನ್ನು ಎಳೆಯುತ್ತಿರಬಹುದು.

ನಡುವೆ ಮುಖ್ಯಸ್ಥರ ಫೋನು ಬಂತು. ಬೈಯಲಿಲ್ಲ. “ಅವರನ್ನು ಲೆಕ್ಕದಿಂದ ತೆಗೆಯಲೇಬೇಕಾಗುತ್ತದೆ. ಕಡೆಯವರೆಗೂ ನೋಡಿದ್ದರೆ...” ಎಂದು ನಿಲ್ಲಿಸಿದರು. ಆ ಮಾತನ್ನು ನಾನು ಎಷ್ಟೋ ಸಲ ಮುಗಿಸಿ ನೋಡಿದ್ದೇನೆ, ಒಂದೊಂದು ಸಲ ಒಂದೊಂದು ಥರ. ವರದಿಯ ವಿಷಯ ಇಲ್ಲೇ ಹೇಳಿಬಿಡುತ್ತೇನೆ: ಅದು ಬಂತು, ಮಿತಾಹಾರಕ್ಕೂ ದೀರ್ಘಾಯಸ್ಸಿಗೂ ಸಂಬಂಧವಿರುವ ಸಾಧ್ಯತೆ ಕಾಣುತ್ತದೆ ಎಂದಿತ್ತು, ತಿದ್ದುಪಡಿಯ ಮಾತು ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿತ್ತು. ಸಂಬಂಧ ಇದ್ದರೂ ಇರಬಹುದು. ನಾವು ಅಳೆದದ್ದು ಅದನ್ನಲ್ಲ, ಅಷ್ಟೆ.

ಹೇಳಿದ ಭಾನುವಾರ ಹೋದಾಗ ಪಕ್ಕದ ಮನೆಯಾಕೆ ಬೇಲಿಯ ಹತ್ತಿರವೇ ಇದ್ದಳು. ನನ್ನನ್ನು ಕಂಡು ಒಳಗೆ ಹೋದಳು. ಒಳಗೆ ಅಜ್ಜಿ ಗೋಡೆಗೆ ಒರಗಿ ಕೂತಿದ್ದರು. ಈ ಸಲ ಸೊಸೆಯ ಎದುರಿಗೇ ಬಾಯಿ ತೆಗೆದರು. ಸೊಸೆ ಟಾರ್ಚು ಹಿಡಿದಳು. ಬೆಳಕು ಗಲ್ಲದ ಮೇಲೆ ಬಿತ್ತು. ನಾನು ಅವಳ ಮಣಿಕಟ್ಟು ಹಿಡಿದು ಸರಿಮಾಡಿದೆ. ನಾಲಿಗೆಯ ಮಗ್ಗುಲು ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಗುಳಿ ಇದ್ದ ಜಾಗದಲ್ಲಿ ತೆಳ್ಳಗೆ ಒಂದು ಗೆರೆ. ಒತ್ತಿದರೆ ಮೆತ್ತಗಿತ್ತು. ಮತ್ತೊಮ್ಮೆ ಒತ್ತಿ ನೋಡಿದೆ.

“ಮಾಯ್ತಾ?” ಎಂದಳು ಸೊಸೆ.

“ಮಾಯ್ತಾ ಇದೆ.”

ಅವಳು ಟಾರ್ಚು ಆರಿಸದೆ ನೆಲಕ್ಕಿಟ್ಟು ಒಲೆಯ ಕಡೆ ಹೋದಳು. ಆಮೇಲೆ ತಟ್ಟೆ ಬಂತು. ಅಜ್ಜಿ ಮುರಿದರು, ಅದ್ದಿದರು, ತಲೆ ನೆಟ್ಟಗಿಟ್ಟುಕೊಂಡು ನುಂಗಿದರು. ಮುಖ ಕಿವಿಚಿದರು.

“ಯಾಕಜ್ಜಿ, ನೋವಾ?”

“ಉಪ್ಪು. ಇಷ್ಟ್ ದಿನ ಉರಿನಾಗೆ ಗೊತ್ತಾಯ್ತಿರ್ನಿಲ್ಲ. ಇಂಥಾ ಸಾರ್ ಉಂಡ್ಕೊಂಡು ಬದುಕಿವ್ನಲ್ಲಾ, ಅದುನ್ನ ಬರ್ಕೊಳಕ್ ಹೇಳು ನಿಮ್ ಡಾಕ್ಟ್ರಿಗೆ.”

“ಬ್ಯಾಡ್ದಿದ್ರೆ ಬುಡಿ ಅತ್ತೆಮ್ಮ, ನಾನೇ ಉಣ್ತೀನಿ.”

“ಕೈ ಹಾಕು ನೋಡಾನ.”

ಅವರು ಇನ್ನು ಮುಂದೆ ನಮ್ಮ ಅಳತೆಯಲ್ಲಿ ಇಲ್ಲವೆಂಬುದನ್ನು ಅವರಿಗೆ ಹೇಳಬೇಕಿತ್ತು. ಹೇಳಿದೆ. ದೊಡ್ಡ ಡಾಕ್ಟರು ಲೆಕ್ಕದಿಂದ ಬಿಟ್ಟಿದ್ದಾರೆ, ಇನ್ನು ನಾನು ಕೇಳಲು ಬರುವುದಿಲ್ಲ ಎಂದೆ. ಅಜ್ಜಿ ಒಂದು ತುತ್ತು ಮುಗಿಸುವವರೆಗೆ ಯೋಚಿಸಿದರು.

“ಯಾವ್ ಲೆಕ್ಕ? ಬದುಕೋರ್ ಲೆಕ್ಕವಾ, ಸಾಯೋರ್ ಲೆಕ್ಕವಾ?”

“ಎರಡರಲ್ಲೂ ಇಲ್ಲ ಅಜ್ಜಿ.”

“ಒಳ್ಳೇದಾಯ್ತು” ಎಂದು ಅವರು ತಟ್ಟೆಯನ್ನು ಸೊಸೆಯ ಕಡೆ ತಳ್ಳಿದರು. “ಒಸಿ ಸಾರ್ ಬುಡೇ.”